ಮತ್ತೆ ದಪ್ಪ ಆಗಿಬಿಟ್ಟರೆ?

ತೂಕ ಇಳಿಸಲು ನಾನು ಮಾಡಿಸಿಕೊಂಡ ಸ್ಲೀವ್ ಆಪರೇಷನ್ನಿನ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ಅದಾದ ಮೇಲೆ ಬರುವ ಪತ್ರಗಳಲ್ಲಿ ‘ನೋವಾಗುತ್ತಾ, ಖರ್ಚೆಷ್ಟು’ ಎಂದು ಕೇಳುವವರು ಕಡಿಮೆ. ಆಪರೇಷನ್ ಮುಗಿದು ವರ್ಷವೋ ಎರಡು ವರ್ಷವೋ ಕಳೆದವರೇ ಹೆಚ್ಚು. ತೂಕ ಇಳಿದಿದೆ, ಶುಗರ್ ಮಾತ್ರೆ ಕಡಿಮೆಯಾಗಿದೆ, ಮಂಡಿನೋವು ಹೋಗಿದೆ, ಬಸ್ಸಿನಲ್ಲಿ ಪಕ್ಕ ಕೂತರೆ ಯಾರೂ ಮುಖ ಸಿಂಡರಿಸುವುದಿಲ್ಲ. ಇಷ್ಟನ್ನೆಲ್ಲ ಸಂತೋಷವಾಗಿ ಬರೆದವರು ಕೊನೆಗೆ ಒಂದು ಸಾಲು ಸೇರಿಸುತ್ತಾರೆ: ‘ಮತ್ತೆ ದಪ್ಪ ಆಗಿಬಿಟ್ಟರೆ?’ ಗಂಡಸರು ಅದನ್ನೇ ಸ್ವಲ್ಪ ಸುತ್ತಿಬಳಸಿ ಕೇಳುತ್ತಾರೆ: ‘ಇದು ಎಷ್ಟು ವರ್ಷ ಬಾಳಿಕೆ ಬರುತ್ತೆ ಮೇಡಂ?’ ನಲವತ್ತು ಕೆ.ಜಿ. ಇಳಿಸಿದವರಿಗೂ ಧೈರ್ಯ ಮಾತ್ರ ನಾಲ್ಕಾಣೆಯಷ್ಟೂ ಏರಿರುವುದಿಲ್ಲ.

ಉತ್ತರವನ್ನು ಕೊನೆಗೆಂದು ಬಚ್ಚಿಡುವುದು ಬೇಡ. ಸ್ವಲ್ಪ ವಾಪಸ್ ಬರುತ್ತದೆ. ಎಲ್ಲರಿಗೂ ಅಲ್ಲದಿದ್ದರೂ ಬಹಳಷ್ಟು ಜನರಿಗೆ. ಹೆದರಿಸಲು ಹೇಳುತ್ತಿಲ್ಲ, ನನಗೆ ನಿದ್ದೆ ಬರುವಂತೆ ಮಾಡಿದ್ದೇ ಈ ವಿಷಯ. ಅಮೆರಿಕದ ಯೂಟಾದಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡ ನಾನೂರಕ್ಕೂ ಹೆಚ್ಚು ಜನರನ್ನು 12 ವರ್ಷ ಬೆನ್ನುಹತ್ತಿ ನೋಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಎರಡನೇ ವರ್ಷಕ್ಕೆ ಅವರು ಸರಾಸರಿ 45 ಕೆ.ಜಿ. ಇಳಿದಿದ್ದರು. ಆರನೇ ವರ್ಷಕ್ಕೆ ಆ ಇಳಿಕೆ 36 ಕೆ.ಜಿ. ಆಗಿತ್ತು, ಹನ್ನೆರಡನೇ ವರ್ಷಕ್ಕೆ 35. ಲೆಕ್ಕ ನೋಡಿ: ಎರಡರಿಂದ ಆರನೇ ವರ್ಷದೊಳಗೆ ಒಂಬತ್ತು ಕೆ.ಜಿ. ಮರಳಿತು, ಆಮೇಲಿನ ಆರು ವರ್ಷದಲ್ಲಿ ಹೆಚ್ಚುಕಡಿಮೆ ಒಂದೇ ಒಂದು. 1987ರಲ್ಲಿ ಶುರುವಾದ ಸ್ವೀಡನ್ನಿನ ದೊಡ್ಡ ಅಧ್ಯಯನ ಹೇಳುವುದೂ ಇದನ್ನೇ: ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಶೇ 32ರಷ್ಟು ತೂಕ ಕಳೆದುಕೊಂಡು, ಹತ್ತನೇ ವರ್ಷದ ಹೊತ್ತಿಗೆ ಶೇ 25ರಲ್ಲಿ ನಿಂತಿದ್ದರು. ಸರಾಸರಿ ಎಂದಮೇಲೆ ಅದಕ್ಕಿಂತ ಬಹಳ ಹೆಚ್ಚು ವಾಪಸ್ ಬಂದವರೂ ಇರುತ್ತಾರೆ, ಏನೂ ಬಾರದವರೂ ಇರುತ್ತಾರೆ. ಆದರೆ ಪತ್ರ ಬರೆಯುವವರ ಮನಸ್ಸಿನಲ್ಲಿ ಕೂತಿರುವ ಚಿತ್ರವೇ ಬೇರೆ. ಎರಡು ಕೆ.ಜಿ. ಏರಿತೆಂದರೆ ಮುಗಿಯಿತು, ಹಳೆಯ ತೂಕವನ್ನು ಮುಟ್ಟಿದ ಮೇಲೆಯೇ ಅದು ನಿಲ್ಲುವುದು ಎಂದುಕೊಂಡಿರುತ್ತಾರೆ.

ಇಲ್ಲೊಂದು ಗೊಂದಲ ಬಿಡಿಸಿ ಮುಂದೆ ಹೋಗುತ್ತೇನೆ. 2022ರಲ್ಲಿ ಬೆಂಗಳೂರಿನಲ್ಲಿ ಬೊಜ್ಜು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡರು. ಆ ಸುದ್ದಿ ಕೇಳಿದವರು ಇವತ್ತಿಗೂ ‘ಅಯ್ಯೋ, ಅದೇ ಆಪರೇಷನ್ನಾ?’ ಎಂದು ಕೇಳುತ್ತಾರೆ. ಅಲ್ಲ. ಅದು ಚರ್ಮದಡಿಯ ಕೊಬ್ಬನ್ನು ತೆಗೆಯುವ ಸೌಂದರ್ಯ ಚಿಕಿತ್ಸೆ. ನಾವು ಮಾತಾಡುತ್ತಿರುವುದು ಜಠರವನ್ನೇ ಚಿಕ್ಕದು ಮಾಡುವ ಬೇರಿಯಾಟ್ರಿಕ್ ಸರ್ಜರಿ. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಉದ್ದುದ್ದಕ್ಕೆ ಕತ್ತರಿಸಿ ತೆಗೆದುಬಿಡುತ್ತಾರೆ. ಬೈಪಾಸ್‌ನಲ್ಲಿ ಜಠರದ ತುದಿಯಲ್ಲಿ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಇಲ್ಲಿ ಕೊಬ್ಬಿಗೆ ಯಾರೂ ಕೈ ಹಚ್ಚುವುದಿಲ್ಲ.

ಹಾಗಾದರೆ ತೂಕ ಮರಳುವುದೇಕೆ? ಹಸಿವಿನ ಗಂಟೆ ಬಾರಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು ಗುರುತಿಸಿದ್ದು 1999ರಲ್ಲಿ. ಅದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ, ಸ್ಲೀವ್‌ನಲ್ಲಿ ಹೋಗುವುದೂ ಅದೇ ಭಾಗ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೆಂಬುದೇ ಮರೆತುಹೋಗಿರುತ್ತದೆ. ಮನೆಯವರು ‘ಊಟ ಮಾಡಿದೆಯಾ’ ಎಂದು ನೆನಪಿಸಬೇಕು. ಡಾಕ್ಟರುಗಳು ಇದಕ್ಕೆ ‘ಹನಿಮೂನ್ ಪೀರಿಯಡ್’ ಎನ್ನುತ್ತಾರೆ. ಆಮೇಲೆ ಒಂದು ದಿನ ಹಸಿವು ನಿಧಾನವಾಗಿ ಬಾಗಿಲು ತಟ್ಟುತ್ತದೆ. ಹೆಚ್ಚಿನವರು ಕಂಗಾಲಾಗುವುದು ಆಗಲೇ. ‘ಹೊಟ್ಟೆ ಮತ್ತೆ ದೊಡ್ಡದಾಯ್ತಾ?’ ಎಂದು ಸ್ಕ್ಯಾನಿಂಗ್‌ಗೆ ಓಡುವವರಿದ್ದಾರೆ. ಹಸಿವಾಗುವುದು ಬದುಕಿರುವ ದೇಹದ ಲಕ್ಷಣ, ಆಪರೇಷನ್ ಕೆಟ್ಟಿತೆಂಬ ಸೂಚನೆಯಲ್ಲ.

ತೂಕ ಇಳಿದ ಮೈಯ ಇನ್ನೊಂದು ಸ್ವಭಾವವೂ ಇದೆ. ಬರಗಾಲ ಕಂಡ ಅಜ್ಜಿ ಕಣಜದಲ್ಲಿ ಕಾಳು ಕಡಿಮೆಯಾಯಿತೆಂದರೆ ಒಲೆಗೆ ಇಡುವ ಸೌದೆಯನ್ನೂ ಎಣಿಸತೊಡಗುತ್ತಾಳಲ್ಲ, ಮೈಯೂ ಹಾಗೆಯೇ ಮಾಡುತ್ತದೆ. ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ ಟಿವಿ ಸ್ಪರ್ಧೆಯಲ್ಲಿ ಆಪರೇಷನ್ ಇಲ್ಲದೆ, ಬರೀ ಪಥ್ಯ ಮತ್ತು ವ್ಯಾಯಾಮದಿಂದ ಭಾರೀ ತೂಕ ಇಳಿಸಿದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದರು. ಆ ಮೈಗಾತ್ರಕ್ಕೆ ಎಷ್ಟು ಕ್ಯಾಲೊರಿ ಉರಿಯಬೇಕಿತ್ತೋ ಅದಕ್ಕಿಂತ ದಿನಕ್ಕೆ ಸುಮಾರು 500 ಕಡಿಮೆ ಉರಿಯುತ್ತಿತ್ತು. ಫಲಿತಾಂಶ ಹೊರಬಂದದ್ದು 2016ರಲ್ಲಿ. ಐನೂರು ಕ್ಯಾಲೊರಿ ಎಂದರೆ ಸಾಧಾರಣ ಒಂದು ಹೊತ್ತಿನ ಊಟ. ಆ ಸ್ಪರ್ಧಿಗಳನ್ನು ‘ಶಿಸ್ತಿಲ್ಲದವರು’ ಎಂದು ಆಡಿಕೊಂಡವರೆಲ್ಲ ಆಮೇಲಾದರೂ ನಾಲಿಗೆ ಕಚ್ಚಿಕೊಳ್ಳಬೇಕಿತ್ತು. ಸರ್ಜರಿ ಆದವರಿಗೆ ಈ ಕಾಟ ಅಷ್ಟಿಲ್ಲ. ಮೇಲಾಗಿ, ಹೊಟ್ಟೆ ತುಂಬಿತೆಂದು ಮಿದುಳಿಗೆ ಹೇಳುವ ಕರುಳಿನ ಹಾರ್ಮೋನುಗಳು ಆಪರೇಷನ್ನಿನ ನಂತರ ಹೆಚ್ಚುತ್ತವೆ. ಪಥ್ಯ ಕೈಕೊಟ್ಟ ಕಡೆ ಸರ್ಜರಿ ನಿಲ್ಲುವುದಕ್ಕೆ ಇದೊಂದು ಕಾರಣ. ಆದರೂ ಕಾಟ ಪೂರ್ತಿ ತಪ್ಪುವುದಿಲ್ಲ.

ಹಾಗೆಂದು ತಿನ್ನುವುದರಿಂದ ಏನೂ ಆಗುವುದಿಲ್ಲ ಎನ್ನಲಾರೆ. ಒಂದು ಚಪಾತಿ ಮುಗಿಸಲು ಅರ್ಧ ಗಂಟೆ ಬೇಕಾಗುವ ಅದೇ ಹೊಟ್ಟೆಗೆ ಖಾರಾ ಮಿಕ್ಸ್‌ಚರ್ ಟಿವಿ ನೋಡುತ್ತ ಹಿಡಿಹಿಡಿಯಾಗಿ ಇಳಿಯುತ್ತದೆ. ಟೀಯಲ್ಲಿ ಅದ್ದಿದ ರಸ್ಕು, ಐಸ್‌ಕ್ರೀಮು, ಬಾಯಲ್ಲಿ ಕರಗುವ ಮೈಸೂರು ಪಾಕು, ಇವಕ್ಕೆಲ್ಲ ಹೊಟ್ಟೆ ಸಣ್ಣದಾದದ್ದು ಗೊತ್ತೇ ಆಗುವುದಿಲ್ಲ, ಜಾರಿಕೊಂಡು ಹೋಗುತ್ತವೆ. ತಟ್ಟೆಯ ಊಟದಿಂದ ತೂಕ ಏರಿದವರನ್ನು ನಾನು ನೋಡಿದ್ದು ಕಡಿಮೆ. ಡಬ್ಬದಿಂದ ಏರಿದವರೇ ಜಾಸ್ತಿ. ಕಾಳು, ಮೊಟ್ಟೆ, ಪನೀರು, ಗಟ್ಟಿ ಮೊಸರಿನಂಥ ಪ್ರೋಟೀನನ್ನು ಮೊದಲು ತಿಂದು ಅನ್ನಕ್ಕೆ ಆಮೇಲೆ ಕೈ ಹಾಕಿ, ಊಟದ ಜೊತೆ ನೀರು ಕುಡಿಯಬೇಡಿ ಎಂದು ಡಯಟಿಷಿಯನ್ ಹೇಳುವುದು ಇದಕ್ಕೇ. ನಮ್ಮ ಸಾರು-ಅನ್ನದ ಊಟದಲ್ಲಿ ಇದನ್ನು ಪಾಲಿಸುವುದು ಸುಲಭವಲ್ಲ ಎಂಬುದು ಬೇರೆ ಮಾತು. ಸಾರನ್ನು ಆಹಾರವೆನ್ನಬೇಕೋ ನೀರೆನ್ನಬೇಕೋ ಎಂದು ನಾನೂ ನಮ್ಮ ಡಯಟಿಷಿಯನ್ನೂ ಇನ್ನೂ ಇತ್ಯರ್ಥ ಮಾಡಿಕೊಂಡಿಲ್ಲ.

ಈ ಭಯದ ನಿಜರೂಪ ನೋಡಬೇಕೆಂದರೆ ನಮ್ಮ ಬೀದಿಯ ಟೈಲರ್ ಅಂಗಡಿಗೆ ಹೋಗಬೇಕು. ತೂಕ ಇಳಿದವರು ಬ್ಲೌಸು ಹೊಲಿಸಲು ಬಂದರೆ ಅಳತೆ ಕೊಟ್ಟು, ಹೊರಡುವಾಗ ದನಿ ತಗ್ಗಿಸಿ ಒಂದು ಮಾತು ಹೇಳುತ್ತಾರಂತೆ: ‘ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರಿ.’ ನಾಳೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಲು ಇರಲಿ ಅಂತ. ನಮ್ಮ ಟೈಲರಮ್ಮ ನನ್ನ ಅಳತೆ ತೆಗೆಯುವಾಗ, ನಾನು ಬಾಯಿ ತೆರೆಯುವ ಮೊದಲೇ, ‘ಎರಡು ಇಂಚು ಬಿಡ್ತೀನಿ ಬಿಡಿ, ಎಲ್ಲಾರೂ ಕೇಳ್ತಾರೆ’ ಎಂದರು. ಹಾಗೆ ಹೊಲಿದ ಬ್ಲೌಸು ಕಂಕುಳಲ್ಲಿ ಗಂಟುಗಂಟಾಗಿ ಒತ್ತುತ್ತಿರುತ್ತದೆ. ಬೀರುವಿನ ಮೇಲಿನ ಅರೆಯಲ್ಲಿ ಹಳೆಯ ಅಳತೆಯ ಚೂಡಿದಾರುಗಳು ಮಡಚಿ ಕೂತಿರುತ್ತವೆ. ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಶೌಚಕ್ಕೆ ಹೋಗಿಬಂದು ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ತೂಕದ ಯಂತ್ರ ಹತ್ತುವವರಿದ್ದಾರೆ. ಉಪ್ಪಿನಕಾಯಿ ಹೆಚ್ಚು ತಿಂದ ಮರುದಿನವೂ ಮುಟ್ಟಿನ ಹಿಂದಿನ ದಿನಗಳಲ್ಲೂ ಮೈಯಲ್ಲಿ ನೀರು ನಿಂತು ಒಂದೂವರೆ ಕೆ.ಜಿ. ಏರುವುದು ಸಾಮಾನ್ಯ. ಅದನ್ನು ಕೊಬ್ಬೆಂದುಕೊಂಡು ಇಡೀ ದಿನ ಉಪವಾಸ ಬಿದ್ದು, ಸಂಜೆ ತಡೆಯಲಾರದೆ ಡಬ್ಬಕ್ಕೆ ಕೈ ಹಾಕುತ್ತಾರೆ. ಭಯವೇ ಕುರುಕಿಗೆ ದಾರಿ ಮಾಡಿಕೊಡುವುದು ಹೀಗೆ.

ಆತ್ಮವಿಶ್ವಾಸ ಏಕೆ ಬೇರೂರುವುದಿಲ್ಲ ಎಂದರೆ ಮೊದಲ ವರ್ಷ ಅದನ್ನು ನಮಗೆ ಬೇರೆಯವರು ಕೊಟ್ಟಿರುತ್ತಾರೆ. ಮದುವೆಮನೆಗೆ ಹೋದರೆ ‘ಯಾರೋ ಅಂದ್ಕೊಂಡೆ ಕಣೇ, ಗುರುತೇ ಸಿಗಲಿಲ್ಲ!’ ಎನ್ನುತ್ತಾರೆ. ಕೇಳಲು ಖುಷಿಯೇ. ಆದರೆ ಎರಡನೇ ವರ್ಷಕ್ಕೆ ಅವರ ಕಣ್ಣಿಗೆ ನಮ್ಮ ಹೊಸ ರೂಪ ಒಗ್ಗಿರುತ್ತದೆ, ಹೊಗಳಿಕೆ ನಿಲ್ಲುತ್ತದೆ. ತೂಕ ಇಳಿಯುವುದೂ ಸರಿಯಾಗಿ ಆಗಲೇ ನಿಂತಿರುತ್ತದೆ. ಎರಡೂ ಒಟ್ಟಿಗೆ ನಿಂತಾಗ ಮನಸ್ಸು ಕುಸಿಯುತ್ತದೆ. ಅಷ್ಟು ಹೊತ್ತಿಗೆ ತೋಳಿನ, ಹೊಟ್ಟೆಯ ಚರ್ಮ ಜೋತಾಡುತ್ತಿರುತ್ತದೆ. ಮೂರನೇ ತಿಂಗಳಿಗೆ ಶುರುವಾದ ಕೂದಲುದುರುವಿಕೆ ನಿಂತಿದ್ದರೂ ಕೂದಲು ಮೊದಲಿನಷ್ಟು ದಟ್ಟವಾಗಿರುವುದಿಲ್ಲ. ಕನ್ನಡಿಯಲ್ಲಿ ಹಳೆಯ ದಪ್ಪ ಹೆಂಗಸೇ ಕಾಣುತ್ತಾಳೆ. ಮೈ ಬದಲಾದ ವೇಗಕ್ಕೆ ಮಿದುಳು ಇಟ್ಟುಕೊಂಡ ಮೈಯ ಚಿತ್ರ ಬದಲಾಗದೆ, ಎಷ್ಟೋ ಜನ ಖಾಲಿ ಜಾಗವಿದ್ದರೂ ಎರಡು ಕುರ್ಚಿಗಳ ನಡುವೆ ಓರೆಯಾಗಿಯೇ ನುಸುಳುತ್ತಾರೆ.

ಇದರ ಜೊತೆಗೆ ಗುಟ್ಟು ಬೇರೆ. ನಮ್ಮಲ್ಲಿ ಈ ಸರ್ಜರಿ ಮಾಡಿಸಿಕೊಂಡವರಲ್ಲಿ ಬಹಳ ಮಂದಿ ಅದನ್ನು ಹೇಳುವುದಿಲ್ಲ. ‘ಗಾಲ್‌ಬ್ಲಾಡರ್ ತೆಗೆಸಿದೆ’, ‘ಹರ್ನಿಯಾ ಆಗಿತ್ತು’ ಎನ್ನುತ್ತಾರೆ. ತೂಕ ಹೇಗೆ ಇಳಿಯಿತೆಂದು ಕೇಳಿದರೆ ‘ಬೆಳಿಗ್ಗೆ ವಾಕಿಂಗು, ರಾತ್ರಿ ರಾಗಿ ಅಂಬಲಿ’. ಯಾರಿಗೂ ಹೇಳಲೇಬೇಕು ಎಂದು ನಾನು ಹೇಳುವುದಿಲ್ಲ, ಅದು ಅವರವರ ಮೈ. ಆದರೆ ಹೊಗಳಿಕೆಯೆಲ್ಲ ವಾಕಿಂಗಿಗೆ ಸಂದಾಯವಾದ ಮೇಲೆ, ಎರಡು ಕೆ.ಜಿ. ಏರಿದರೂ ಸುಳ್ಳು ಬಯಲಾಯಿತು ಎಂಬ ಅಳುಕು. ನಿತಿನ್ ಗಡ್ಕರಿ 2011ರಲ್ಲಿ ಈ ಸರ್ಜರಿ ಮಾಡಿಸಿಕೊಂಡದ್ದು ದೇಶಕ್ಕೇ ಗೊತ್ತು. ಅದರಿಂದ ಅವರ ರಾಜಕೀಯಕ್ಕೆ ಏನೂ ಕುಂದು ಬಂದಂತಿಲ್ಲ. ಅಮೆರಿಕದ ಟಿವಿಯಲ್ಲಿ ಹವಾಮಾನ ಹೇಳುವ ಆಲ್ ರೋಕರ್ 2002ರಲ್ಲಿ ಬೈಪಾಸ್ ಮಾಡಿಸಿಕೊಂಡರು. ಕೆಲವು ವರ್ಷಗಳ ನಂತರ, ತಾಯಿ ಕೊನೆಯ ದಿನಗಳಲ್ಲಿದ್ದಾಗ, ಸುಮಾರು 18 ಕೆ.ಜಿ. ವಾಪಸ್ ಬಂತು. ಅದನ್ನೂ ಅವರು ಮುಚ್ಚಿಡಲಿಲ್ಲ. ಮತ್ತೆ ಇಳಿಸಿಕೊಂಡರು, ಪುಸ್ತಕವನ್ನೂ ಬರೆದರು. ನಮ್ಮಲ್ಲಿ ಆಪರೇಷನ್ ಆಯಿತೆಂದು ಹೇಳುವವರೇ ಕಡಿಮೆ, ಇನ್ನು ತೂಕ ವಾಪಸ್ ಬಂತೆಂದು ಹೇಳುವವರನ್ನು ಎಲ್ಲಿ ಹುಡುಕುವುದು?

ನಾನು ಇಷ್ಟುದ್ದ ಬರೆಯಲು ಹೊರಟದ್ದು ಮುಂದಿನ ಮಾತಿಗಾಗಿ. ಮರಳಿ ಬರುವ ನಾಲ್ಕೈದು ಕೆ.ಜಿ.ಗಿಂತ ಅದರ ನಾಚಿಕೆ ಮಾಡುವ ಅನಾಹುತ ದೊಡ್ಡದು. ನನಗೆ ಗೊತ್ತಿರುವ ಹೈಸ್ಕೂಲ್ ಮೇಡಂ ಒಬ್ಬರಿಗೆ ಮೂರನೇ ವರ್ಷದಲ್ಲಿ ತೂಕ ಸ್ವಲ್ಪ ಏರಿತು. ‘ಲಕ್ಷಗಟ್ಟಲೆ ಖರ್ಚು ಮಾಡಿ ಹೊಟ್ಟೆ ಕತ್ತರಿಸಿಕೊಂಡೂ ಹೀಗಾಯ್ತಲ್ಲ, ಡಾಕ್ಟರಿಗೆ ಯಾವ ಮುಖ ತೋರಿಸಲಿ’ ಎಂದು ಫಾಲೋಅಪ್‌ಗೆ ಹೋಗುವುದನ್ನೇ ಬಿಟ್ಟರು. ಅದರೊಂದಿಗೆ ಜೀವನಪರ್ಯಂತ ನುಂಗಬೇಕಾದ ಮಾತ್ರೆಗಳೂ ನಿಂತವು. ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಬೆರಳಿಂದ ಜಾರತೊಡಗಿತು, ಪಾದಗಳಲ್ಲಿ ಜೋಮು. ಪರೀಕ್ಷಿಸಿದರೆ ಬಿ12 ತಳ ಮುಟ್ಟಿತ್ತು. ನರಕ್ಕೆ ಆದ ಹಾನಿ ಪೂರ್ತಿ ವಾಸಿಯಾಗದೆಯೂ ಉಳಿಯಬಹುದು, ಅವರದು ಅದೃಷ್ಟಕ್ಕೆ ಸುಧಾರಿಸಿತು. ಅವರ ತೂಕ ಏರಿದ್ದಾದರೂ ಎಷ್ಟು ಎನ್ನುತ್ತೀರಿ? ಐದೇ ಕೆ.ಜಿ. ಎರಡು ವರ್ಷ ಕಳೆಯಿತೆಂದರೆ ಫಾಲೋಅಪ್‌ಗೆ ಬರುವವರು ವಿರಳವಾಗುತ್ತಾರೆ ಎಂದು ಸರ್ಜನ್ನರೆಲ್ಲ ಗೊಣಗುತ್ತಾರೆ. ತೂಕ ಏರುವ ಕಾಲವೂ ಅದೇ. ಬೇಕಾದಾಗ ಜನ ಮಾಯವಾಗುತ್ತಾರೆ.

ಇದರಲ್ಲಿ ಆಸ್ಪತ್ರೆಗಳ ಪಾಲೂ ಇದೆ ಎಂದು ನನ್ನ ಅಭಿಪ್ರಾಯ. ಜಾಹೀರಾತಿನಲ್ಲಿ ‘ಮೊದಲು–ನಂತರ’ ಎಂಬ ಎರಡು ಫೋಟೊ ಹಾಕುತ್ತಾರಲ್ಲ, ಆ ‘ನಂತರ’ ಸಾಮಾನ್ಯವಾಗಿ ಒಂದೂವರೆ ವರ್ಷದ ಆಸುಪಾಸಿನದು, ಅಂದರೆ ತೂಕ ಅತ್ಯಂತ ಕೆಳಗಿದ್ದಾಗ ತೆಗೆದದ್ದು. ಎಂಟು ವರ್ಷದ ನಂತರದ ಫೋಟೊ ಹಾಕಿದ ಜಾಹೀರಾತನ್ನು ನಾನಂತೂ ಕಂಡಿಲ್ಲ. ಆ ಫೋಟೊದಲ್ಲಿರುವವರು ಒಂಬತ್ತು ಕೆ.ಜಿ. ದಪ್ಪಗಾಗಿ, ಆದರೂ ಮೊದಲಿಗಿಂತ ಮೂವತ್ತಾರು ಕೆ.ಜಿ. ಕಡಿಮೆಯಿದ್ದು, ಆರಾಮಾಗಿ ನಗುತ್ತಿದ್ದರೆ ಎಷ್ಟು ಜನರ ಎದೆಬಡಿತ ತಹಬಂದಿಗೆ ಬರುತ್ತಿತ್ತು! ಆಪರೇಷನ್ನಿಗೆ ಮುಂಚಿನ ಕೌನ್ಸೆಲಿಂಗಿನಲ್ಲೇ ‘ಇಷ್ಟು ಇಳಿಯುತ್ತೆ, ಅದರಲ್ಲಿ ಇಷ್ಟು ವಾಪಸ್ ಬರಬಹುದು’ ಎಂದು ಪೆನ್ಸಿಲ್ ಹಿಡಿದು ಗೆರೆ ಎಳೆದು ತೋರಿಸುವ ಡಾಕ್ಟರು ಸಿಕ್ಕರೆ ಅವರನ್ನು ಬಿಡಬೇಡಿ. ತೂಕ ಏರಿದೆ ಎಂದ ಕೂಡಲೇ ‘ಏನು ತಿಂದ್ರಿ?’ ಎಂದು ಗದರುವವರನ್ನು ಬಿಡಬಹುದು.

ವಿಶ್ವಾಸವನ್ನು ಯಾವುದರ ಮೇಲೆ ನಿಲ್ಲಿಸಬೇಕು ಎಂದು ಕೇಳಿದರೆ, ತೂಕದ ಯಂತ್ರದ ಮೇಲಂತೂ ಬೇಡ ಎನ್ನುತ್ತೇನೆ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ಹತ್ತಿ ಬರೆದಿಟ್ಟರೆ ಅದರ ಕೆಲಸ ಮುಗಿಯಿತು. ನಾನು ಲೆಕ್ಕ ಇಡುವುದು ಬೇರೆಯದನ್ನು. ನಮ್ಮೂರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಲ್ಲಿ ನಂದಿಯವರೆಗೆ ಕೂರದೆ ಹತ್ತಲು ಆಗುತ್ತದೆಯೇ ಎಂದು ನೋಡುತ್ತೇನೆ. ಮೂರು ಕೆ.ಜಿ. ಏರಿದ ವರ್ಷವೂ ಹತ್ತಿದೆ, ಇಳಿದ ವರ್ಷಕ್ಕಿಂತ ಸಲೀಸಾಗಿ. ಇಳಿಯುವ ಭರದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗಿರುತ್ತದೆ, ಭಾರ ಎತ್ತುವ ವ್ಯಾಯಾಮ ಶುರುಮಾಡಿದ ಮೇಲೆ ಅದು ಮರಳಿತ್ತು. ಮೂರು ತಿಂಗಳ ಶುಗರಿನ ಸರಾಸರಿ, ಬಿಪಿ, ಗೊರಕೆಯಿಲ್ಲದ ನಿದ್ದೆ, ನೆಲದ ಮೇಲೆ ಕೂತು ಕೈ ಊರದೆ ಏಳುವುದು, ಇವೆಲ್ಲ ಎರಡು ಕೆ.ಜಿ.ಗೆ ಕೆಡುವಂಥವಲ್ಲ. ಆಪರೇಷನ್ ಮಾಡಿಸಿದ್ದು ಇವುಗಳಿಗಾಗಿಯೇ ಅಲ್ಲವೇ?

ಮನಸ್ಸಿನ ಬಗ್ಗೆ ಒಂದು ಎಚ್ಚರಿಕೆ. ಬೇಸರ ಬಂದಾಗ ತಿನ್ನುತ್ತಿದ್ದವರಿಗೆ ಈಗ ತಿನ್ನಲಾಗುವುದಿಲ್ಲ, ಬೇಸರವೇನೂ ಹೋಗಿರುವುದಿಲ್ಲ. ಕೆಲವರು ಕುಡಿತಕ್ಕೆ ಹೊರಳುತ್ತಾರೆ. ಬೈಪಾಸ್ ಆದವರಿಗೆ ಮದ್ಯ ಬಲುಬೇಗ ಏರುತ್ತದೆ, ಎರಡನೇ ವರ್ಷದಿಂದ ಚಟದ ಅಪಾಯ ಹೆಚ್ಚುವುದು ಅಧ್ಯಯನಗಳಲ್ಲಿ ಕಂಡಿದೆ. ಸಾಯುವ ಯೋಚನೆ ಬರುವಷ್ಟು ಕುಗ್ಗುವವರೂ ಇದ್ದಾರೆ. ಅಂಥ ದಿನಗಳಲ್ಲಿ ತೂಕ, ಪಥ್ಯ ಎಲ್ಲ ಪಕ್ಕಕ್ಕಿಟ್ಟು ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ದಾವಣಗೆರೆಯಿಂದ ಬರೆದವರಿಗೆ. ಆರು ಕೆ.ಜಿ. ಏರಿದೆ, ಎರಡು ವರ್ಷದಿಂದ ಆಸ್ಪತ್ರೆ ಕಡೆ ಹೋಗಿಲ್ಲ, ಈಗ ಹೋದರೆ ಬೈಯುತ್ತಾರೇನೋ ಎಂದು ಬರೆದಿದ್ದೀರಿ. ಸೋಮವಾರ ಫೋನ್ ಮಾಡಿ. ಅಲ್ಲಿಗೆ ಹೋಗಲು ಮುಜುಗರವಾದರೆ ಬೇರೆ ಸರ್ಜನ್ ಹತ್ತಿರ ಹೋಗಿ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾವ ಆಪರೇಷನ್ ಎಂದು ಬರೆದಿರುತ್ತದೆ, ಅದನ್ನು ಒಯ್ದರೆ ಸಾಕು. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯೂ ಜೊತೆಗಿರಲಿ. ಇನ್ಸುಲಿನ್, ಸ್ಟೀರಾಯ್ಡ್, ಖಿನ್ನತೆಯ ಕೆಲವು ಮಾತ್ರೆಗಳು ತೂಕ ಏರಿಸುತ್ತವೆ, ಆದರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಥೈರಾಯ್ಡ್, ಬಿ12, ಕಬ್ಬಿಣ, ವಿಟಮಿನ್ ಡಿ ನೋಡಿಸಿ. ಮೂರು ದಿನ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ, ಡಬ್ಬದ್ದೂ ಸೇರಿಸಿ, ಚೀಟಿಯಲ್ಲಿ ಬರೆದುಕೊಂಡು ಹೋದರೆ ಡಯಟಿಷಿಯನ್ನಿಗೆ ಅರ್ಧ ಕೆಲಸ ಮುಗಿಯುತ್ತದೆ. ಅಷ್ಟರಿಂದಲೂ ಆಗದಿದ್ದರೆ ಔಷಧಿಯಿದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಮೌಂಜಾರೊ 2025ರ ಮಾರ್ಚಿನಿಂದ ನಮ್ಮಲ್ಲೂ ಸಿಗುತ್ತಿದೆ, ಸರ್ಜರಿ ಆದವರಿಗೂ ಡಾಕ್ಟರುಗಳು ಅಂಥದ್ದನ್ನು ಬರೆದುಕೊಡುತ್ತಾರೆ. ತೀರಾ ಅಗತ್ಯ ಬಿದ್ದರೆ ಎರಡನೇ ಸರ್ಜರಿಯೂ ಉಂಟು, ನಿಮ್ಮ ಆರು ಕೆ.ಜಿ.ಗೆ ಆ ಮಾತೇ ಬೇಡ. ಎದೆಯುರಿ, ಪದೇ ಪದೇ ವಾಂತಿ, ನುಂಗಲು ತೊಂದರೆ ಇದ್ದರೆ ಅದನ್ನು ಮೊದಲು ಹೇಳಿ, ತೂಕದ ಮಾತು ಆಮೇಲೆ.